ಹಂಡೆಗೆ ಇಳಿದ ಸೆನ್ಸರ್

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ನಲ್ಲೂರಿನಂಥ ಊರುಗಳಲ್ಲಿ ಒಲೆಗೆ ಬಿಡುವಿಲ್ಲ. ತೋಟದಿಂದ ಬಂದ ಹಸಿ ಗೊನೆಯನ್ನು ಬಿಡಿಸಿ, ಸುಲಿದು, ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರು ರಸ, ಅಂದರೆ ಚೊಗರು, ಬೆರೆತ ನೀರಿರುವ ದೊಡ್ಡ ಹಂಡೆಗೆ ಸುರಿದು ಬೇಯಿಸುತ್ತಾರೆ. ಬೆಂದದ್ದು ಅಂಗಳಕ್ಕೆ ಹೋಗಿ ಒಣಗುತ್ತದೆ, ರಾಶಿ ಅಡಿಕೆಯಾಗಿ ಮಂಡಿ ಸೇರುತ್ತದೆ. ಒಲೆ ಹೊತ್ತಿಸುವ ಮುನ್ನವೇ ಅಂಥದೊಂದು ಹಂಡೆಯೊಳಕ್ಕೆ ಒಂದು ಡಿಜಿಟಲ್ ಉಷ್ಣತಾ ಸೆನ್ಸರ್ ಇಳಿಬಿಟ್ಟು, ಕುದಿ ಬರುವವರೆಗೆ ಕಾದು ನೋಡಿ. ನೀರು ಕೊತಕೊತ ಕುದಿಯುತ್ತಿದೆ. ಶಾಲೆಯಲ್ಲಿ ಓದಿದ ಪ್ರಕಾರ ಪರದೆಯ ಮೇಲೆ 100 ಬರಬೇಕು. ಬರುವುದು 98ರ ಆಸುಪಾಸು. ಇನ್ನಷ್ಟು ಸೌದೆ ತುರುಕಿದರೂ ಅದು ಮೇಲೇಳುವುದಿಲ್ಲ.

ಮೊದಲ ಸಲ ನೋಡಿದವರು ಸೆನ್ಸರ್ ಕೆಟ್ಟಿದೆ ಎಂದುಕೊಂಡು ಅಂಗಡಿಯವನನ್ನು ಬೈಯುತ್ತಾರೆ. ತಪ್ಪು ಅಂಗಡಿಯವನದಲ್ಲ. ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ, ಅಂದರೆ ಮಂಗಳೂರಿನ ದಂಡೆಯಲ್ಲಿ. ಚನ್ನಗಿರಿಯ ಬಯಲು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಷ್ಟೂ ನೀರು ಆವಿಯಾಗಿ ಹಾರುವುದು ಸುಲಭ. ಹೆಚ್ಚುಕಡಿಮೆ ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಲೆಕ್ಕ ಹಾಕಿದರೆ ಇಲ್ಲಿ ಶುದ್ಧ ನೀರು ಕುದಿಯಬೇಕಾದದ್ದು 97.8 ಡಿಗ್ರಿಯ ಹತ್ತಿರ. ಬೆಂಗಳೂರಿನಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಹತ್ತೊಂಬತ್ತನೇ ಶತಮಾನದ ಅನ್ವೇಷಕರು ಇದನ್ನೇ ತಿರುಗಿಸಿ ಬಳಸಿಕೊಂಡರು. 1848ರಿಂದ 1850ರವರೆಗೆ ಸಿಕ್ಕಿಂ ಹಿಮಾಲಯ ಸುತ್ತಿದ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಬೆಟ್ಟಗಳ ಮೇಲೆ ನೀರು ಕಾಯಿಸಿ, ಅದು ಎಷ್ಟು ಡಿಗ್ರಿಗೆ ಕುದಿಯಿತು ಎಂದು ನೋಡಿ ಆ ಜಾಗದ ಎತ್ತರ ಲೆಕ್ಕಹಾಕುತ್ತಿದ್ದ. ಅವನಿಗೆ ಬೇಕಿದ್ದದ್ದು ನಾಜೂಕಾದ, ಒಡೆಯುವ ಗಾಜಿನ ಪಾದರಸದ ಥರ್ಮಾಮೀಟರು. ಇಂದು ಅದೇ ಪ್ರಯೋಗವನ್ನು ಹೈಸ್ಕೂಲು ಹುಡುಗಿಯೊಬ್ಬಳು ನೂರಿನ್ನೂರು ರೂಪಾಯಿಯೊಳಗಿನ ಉಕ್ಕಿನ ಕಡ್ಡಿಯಿಂದ ಮಾಡಬಹುದು.

ಆ ಕಡ್ಡಿಯ ಬಗ್ಗೆಯೇ ಈ ಅಧ್ಯಾಯ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ 'ವಾಟರ್‌ಪ್ರೂಫ್ ಟೆಂಪರೇಚರ್ ಸೆನ್ಸರ್' ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಇದೇ: ಪೆನ್ಸಿಲ್‌ಗಿಂತ ತುಸು ಸಣ್ಣ, ಆರು ಮಿಲಿಮೀಟರ್ ದಪ್ಪದ, ಬೆರಳುದ್ದದ ಸ್ಟೀಲ್ ಕೊಳವೆ, ಅದರ ಬಾಲಕ್ಕೆ ಒಂದು ಮೀಟರ್ ಕಪ್ಪು ಕೇಬಲ್, ಕೇಬಲ್ ತುದಿಯಲ್ಲಿ ಮೂರು ವೈರ್. ಕೊಳವೆಯೊಳಗೆ, ತುದಿಗೆ ಅಂಟಿಕೊಂಡು, ಅಂಟಿನಲ್ಲಿ ಹುದುಗಿರುವುದು ಡಿಎಸ್18ಬಿ20 ಎಂಬ ಪುಟ್ಟ ಚಿಪ್. ಹೆಸರಿನ ಮೊದಲ ಎರಡಕ್ಷರ ಅದನ್ನು ರೂಪಿಸಿದ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯವು. ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿ 1984ರಲ್ಲಿ ಹುಟ್ಟಿದ ಆ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ಮಾಲೀಕರು ಬದಲಾದರೂ ಚಿಪ್ಪಿನ ಹೆಸರು ಬದಲಾಗಲಿಲ್ಲ.

ಸಿಲಿಕಾನ್‌ಗೆ ಬಿಸಿ ಹೇಗೆ ಗೊತ್ತಾಗುತ್ತದೆ? ಟ್ರಾನ್ಸಿಸ್ಟರಿನ ಸಂಧಿಯೊಂದರ ಮೂಲಕ ಅಳತೆಯ ಕರೆಂಟ್ ಹರಿಸಿದರೆ ಅದರ ಎರಡು ತುದಿಗಳ ನಡುವೆ ಒಂದಿಷ್ಟು ವೋಲ್ಟೇಜ್ ನಿಲ್ಲುತ್ತದೆ. ಈ ವೋಲ್ಟೇಜ್ ಒಂದೊಂದು ಡಿಗ್ರಿ ಬಿಸಿ ಏರಿದಂತೆ ಸುಮಾರು ಎರಡು ಮಿಲಿವೋಲ್ಟ್ ಕುಸಿಯುತ್ತದೆ. ಟಿವಿ, ರೇಡಿಯೊ ತಯಾರಕರಿಗೆ ಇದು ತಲೆನೋವು. ಬೇಸಿಗೆಯಲ್ಲಿ ಸರ್ಕ್ಯೂಟು ಎಡವಟ್ಟಾಗಲು ಇದೂ ಒಂದು ಕಾರಣ. ಥರ್ಮಾಮೀಟರ್ ಮಾಡುವವರಿಗೆ ಅದೇ ಬಂಡವಾಳ. ಡಿಎಸ್18ಬಿ20 ಈ ಏರಿಳಿತವನ್ನು ಚಿಪ್ಪಿನೊಳಗೇ ಅಳೆದು, ಅಂಕಿಯಾಗಿಸಿ ಹೊರಗೆ ಕಳಿಸುತ್ತದೆ. ಇದರ ಲಾಭ ಗೊತ್ತಾಗುವುದು ಕೇಬಲ್ ಉದ್ದವಾದಾಗ. ಥರ್ಮಿಸ್ಟರಿನಂಥ ಹಳೆಯ ಬಗೆಯ ಸೆನ್ಸರುಗಳಿಂದ ಬರುವುದು ಅಂಕಿಯಲ್ಲ, ಬರೀ ವೋಲ್ಟೇಜಿನ ಏರಿಳಿತ. ದಾರಿಯಲ್ಲಿ ಪಂಪ್‌ಸೆಟ್ಟಿನ ವೈರ್ ಪಕ್ಕದಲ್ಲಿ ಹಾದರೆ ಸಾಕು, ಅಳತೆ ಕುಲಗೆಡುತ್ತದೆ. ಅಂಕಿ ಹಾಗಲ್ಲ. ಬಂದರೆ ಸರಿಯಾಗಿ ಬರುತ್ತದೆ, ಕೆಟ್ಟರೆ ಕೆಟ್ಟಿದೆ ಎಂದು ಗೊತ್ತಾಗುವ ಹಾಗೆ ಕೆಡುತ್ತದೆ: ಪ್ರತಿ ಸಂದೇಶದ ಕೊನೆಗೆ ಚಿಪ್ ಒಂದು ತಾಳೆಬೈಟ್ ಸೇರಿಸುತ್ತದೆ, ಅದು ಹೊಂದದಿದ್ದರೆ ಆ ಅಳತೆಯನ್ನು ಬಿಸಾಡಿ ಮತ್ತೆ ಕೇಳಿದರಾಯಿತು.

ಮೂರು ವೈರುಗಳಲ್ಲಿ ಕೆಂಪು ವಿದ್ಯುತ್ತಿಗೆ, ಕಪ್ಪು ಗ್ರೌಂಡಿಗೆ, ಹಳದಿ ಮಾತಿಗೆ. ಬಣ್ಣಗಳನ್ನು ಕಣ್ಣು ಮುಚ್ಚಿ ನಂಬಬೇಡಿ, ತಯಾರಕರಿಂದ ತಯಾರಕರಿಗೆ ಬದಲಾಗುವುದುಂಟು. ಉಲ್ಟಾ ಕೊಟ್ಟರೆ ಸೆನ್ಸರ್ ಕ್ಷಣದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ. 3ರಿಂದ 5.5 ವೋಲ್ಟ್ ನಡುವೆ ಏನು ಕೊಟ್ಟರೂ ನಡೆಯುವುದರಿಂದ ಅಳತೆ ಓದಿಕೊಳ್ಳುವ ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ 5 ವೋಲ್ಟಿನ ಆರ್ಡ್ಯುಯಿನೊ ಉನೊಗೂ, 3.3 ವೋಲ್ಟಿನ ಇಎಸ್‌ಪಿ32 ಬೋರ್ಡಿಗೂ ಇದು ಒಗ್ಗುತ್ತದೆ. ಇಟಲಿಯ ಇವ್ರಿಯಾ ಊರಿನಲ್ಲಿ 2005ರಲ್ಲಿ ಹುಟ್ಟಿದ ಆರ್ಡ್ಯುಯಿನೊ ಹವ್ಯಾಸಿಗಳ ಲೋಕವನ್ನೇ ಬದಲಿಸಿತು. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ಮಕ್ಕಳಿಗೂ ಈ ಬೋರ್ಡು ಪರಿಚಿತ. ಜೊತೆಗೆ ಬೇಕಾದದ್ದು 4.7 ಕಿಲೊಓಮ್‌ನ ಒಂದು ರೆಸಿಸ್ಟರ್ ಮಾತ್ರ, ಹಳದಿ ಮತ್ತು ಕೆಂಪು ವೈರುಗಳ ನಡುವೆ. ಒಂದು ರೂಪಾಯಿಯ ಈ ವಸ್ತುವನ್ನು ಬಿಟ್ಟುಬಿಟ್ಟು ರಾತ್ರಿಯಿಡೀ ಪ್ರೋಗ್ರಾಮ್ ತಿದ್ದುತ್ತ ಕೂತವರಿಗೆ ಲೆಕ್ಕವಿಲ್ಲ. ಕಾರಣ ಸರಳ. ಸೆನ್ಸರಾಗಲಿ ಬೋರ್ಡಾಗಲಿ ಹಳದಿ ವೈರನ್ನು ಕೆಳಗೆ, ಸೊನ್ನೆ ವೋಲ್ಟಿಗೆ ಎಳೆಯಬಲ್ಲವೇ ಹೊರತು ಮೇಲಕ್ಕೆ ತಳ್ಳುವುದಿಲ್ಲ. ಮೇಲಕ್ಕೆ ಎತ್ತಿ ಹಿಡಿಯುವ ಕೆಲಸ ರೆಸಿಸ್ಟರಿನದು. ಅದಿಲ್ಲದಿದ್ದರೆ ಹಳದಿ ವೈರು ಬಿದ್ದೇ ಇರುತ್ತದೆ, ಯಾರ ಮಾತೂ ಕೇಳಿಸುವುದಿಲ್ಲ.

ಮಾತುಕತೆಯ ಕ್ರಮವೂ ಸೊಗಸು. ಬೋರ್ಡು ಆ ವೈರನ್ನು ಕನಿಷ್ಠ 480 ಮೈಕ್ರೊಸೆಕೆಂಡು ಕೆಳಗೆ ಹಿಡಿದು ಬಿಡುತ್ತದೆ. ಸೆನ್ಸರ್ ಇದ್ದರೆ ತಾನೂ ಒಂದು ಕ್ಷಣ ವೈರನ್ನು ಕೆಳಗೆಳೆದು 'ಇದ್ದೇನೆ' ಎನ್ನುತ್ತದೆ. ಒಂದೇ ವೈರಿಗೆ ಹತ್ತು ಸೆನ್ಸರ್ ಕಟ್ಟಿದ್ದರೂ ಗೊಂದಲವಿಲ್ಲ. ಹುಟ್ಟುವಾಗಲೇ ಪ್ರತಿ ಚಿಪ್ಪಿನಲ್ಲೂ ಬೇರೆ ಯಾವುದಕ್ಕೂ ಇಲ್ಲದ 64 ಬಿಟ್‌ಗಳ ವಿಳಾಸ ಕೊರೆದಿರುತ್ತಾರೆ. ಮೇಷ್ಟ್ರು ಹಾಜರಿ ಕೂಗಿದಂತೆ ಬೋರ್ಡು ವಿಳಾಸ ಕೂಗುತ್ತದೆ, ಕೂಗಿಸಿಕೊಂಡವರು ಮಾತ್ರ ಉತ್ತರಿಸುತ್ತಾರೆ. 'ಈಗ ಅಳೆ' ಎಂದ ಮೇಲೆ ಪೂರ್ತಿ ಸೂಕ್ಷ್ಮತೆಯಲ್ಲಿ ಅಳೆಯಲು ಸೆನ್ಸರಿಗೆ 750 ಮಿಲಿಸೆಕೆಂಡು ಬೇಕು. ಈ ಮುಕ್ಕಾಲು ಸೆಕೆಂಡನ್ನು ಮರೆಯಬೇಡಿ.

ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಅಡಿಕೆ ಹಂಡೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕರೆಂಟ್ ಬಂದ ಕ್ಷಣ ಸೆನ್ಸರಿನ ನೆನಪಿನಲ್ಲಿ ಮೊದಲೇ ಬರೆದಿಟ್ಟ ಒಂದು ಅಂಕಿ ಇರುತ್ತದೆ: 85 ಡಿಗ್ರಿ. ಮೊದಲ ಅಳತೆ ಮುಗಿಯುವ ಮುನ್ನ ಓದಿದರೆ, ಅಥವಾ ನಡುವೆ ವೋಲ್ಟೇಜ್ ಕುಸಿದು ಸೆನ್ಸರ್ ಮತ್ತೆ ಎಚ್ಚರಾದರೆ, ಅದು 85 ಎನ್ನುತ್ತದೆ. ಮೀನಿನ ತೊಟ್ಟಿಯಲ್ಲಿ 85 ಬಂದರೆ ಸುಳ್ಳೆಂದು ಮಗುವಿಗೂ ಗೊತ್ತು. ಕಾಯುತ್ತಿರುವ ಹಂಡೆಯಲ್ಲಿ? ಅಲ್ಲಿ 85 ನಿಜವೂ ಇರಬಹುದು. ಹಂಡೆಯ ಮನೆಯಲ್ಲಿ ಸೆನ್ಸರ್ ಇಡುವವರು ಒಂಟಿ ಅಂಕಿಯನ್ನು ನಂಬಬಾರದು. ಹಿಂದಿನ ನಿಮಿಷ 60 ಇದ್ದು, ಈಗ 85, ಮುಂದಿನ ನಿಮಿಷ 62 ಎಂದರೆ ನಡುವಿನದನ್ನು ಕಸಕ್ಕೆ ಹಾಕಿ. ಅಷ್ಟು ನೀರು ಒಂದು ನಿಮಿಷದಲ್ಲಿ 25 ಡಿಗ್ರಿ ಏರಿ ಇಳಿಯಲು ಸಾಧ್ಯವಿಲ್ಲ. ಸೆನ್ಸರ್ ಸಂಪರ್ಕವೇ ಕಡಿದಿದ್ದರೆ ಆರ್ಡ್ಯುಯಿನೊದಲ್ಲಿ ಹೆಚ್ಚು ಬಳಕೆಯ ಲೈಬ್ರರಿ ಮೈನಸ್ 127 ತೋರಿಸುತ್ತದೆ. ಅದು ಪುಣ್ಯ, ಯಾರೂ ನಂಬುವುದಿಲ್ಲ.

ಇನ್ನು ಪರದೆಯ ಮೇಲಿನ ದಶಾಂಶಗಳ ವಿಷಯ. ಡಿಎಸ್18ಬಿ20 ಒಂದು ಡಿಗ್ರಿಯನ್ನು ಹದಿನಾರು ಪಾಲು ಮಾಡಿ ಹೇಳುತ್ತದೆ, ಅಂದರೆ 0.0625ರ ಮೆಟ್ಟಿಲುಗಳಲ್ಲಿ. ಪರದೆಯಲ್ಲಿ 97.8125 ಎಂದು ಬಂದಾಗ ನಾಲ್ಕು ದಶಾಂಶ ನೋಡಿ ಮೈ ಜುಮ್ಮೆನ್ನುತ್ತದೆ. ಆದರೆ ತಯಾರಕರು ಖಾತರಿ ಕೊಡುವುದು ಮೈನಸ್ 10ರಿಂದ 85 ಡಿಗ್ರಿಯವರೆಗೆ ಅರ್ಧ ಡಿಗ್ರಿ ಅತ್ತಿತ್ತಗಳ ನಿಖರತೆಗೆ ಮಾತ್ರ. 85 ದಾಟಿದ ಮೇಲೆ 100ರವರೆಗೆ ಒಂದು ಡಿಗ್ರಿ, ಅದಕ್ಕೂ ಮೇಲೆ 125ರವರೆಗೆ ಎರಡು ಡಿಗ್ರಿ ತಪ್ಪಿರಬಹುದು. ಹಾಗಾಗಿ ಹಂಡೆಯಲ್ಲಿ 97.8 ಬಂದಿತೆಂದು ಸೆನ್ಸರಿಗೆ ಭೇಷ್ ಎನ್ನುವಂತಿಲ್ಲ, 98.6 ಬಂದಿತೆಂದು ಬೈಯುವಂತೆಯೂ ಇಲ್ಲ. ಎರಡೂ ಅದರ ಹಕ್ಕಿನೊಳಗೇ ಇವೆ. ಪ್ರಾಜೆಕ್ಟ್ ವರದಿಗಳಲ್ಲಿ ನಾಲ್ಕು ದಶಾಂಶ ಅಚ್ಚು ಹಾಕುವ ವಿದ್ಯಾರ್ಥಿಗಳಿಗೆ ಅಂಕ ಕಳೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಮೆಟ್ಟಿಲು ಸಣ್ಣದಿದ್ದರ ಪ್ರಯೋಜನ ಬೇರೆ: ಬಿಸಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಬೇಗ ತಿಳಿಯುತ್ತದೆ.

ನಿಮ್ಮ ಕೈಯಲ್ಲಿರುವ ಸೆನ್ಸರ್ ಎಷ್ಟು ಸತ್ಯವಂತ ಎಂದು ನೋಡಲು ಪ್ರಯೋಗಾಲಯ ಬೇಡ. ಐಸ್ ಕುಟ್ಟಿ ಪುಡಿ ಮಾಡಿ ಲೋಟದ ತುಂಬ ಹಾಕಿ, ಸಂದಿ ತುಂಬುವಷ್ಟು ಮಾತ್ರ ನೀರು ಸುರಿದು, ಸೆನ್ಸರಿನ ತುದಿಯನ್ನು ಅದರ ಮಧ್ಯೆ ಇಟ್ಟು ಐದು ನಿಮಿಷ ಕಲಕುತ್ತಿರಿ. ಕರಗುವ ಐಸ್ ಎತ್ತರ ನೋಡುವುದಿಲ್ಲ. ನಲ್ಲೂರಿನಲ್ಲೂ ಮಂಗಳೂರಿನಲ್ಲೂ ಅದು ಸೊನ್ನೆಯೇ. ಬಂದ ಅಂಕಿ 0.3 ಇದ್ದರೆ ಅಷ್ಟನ್ನು ಕಳೆದುಕೊಳ್ಳಿ. ಐಸು ನೀರಿನ ಮೇಲೆ ತೇಲುತ್ತಿದ್ದು ಸೆನ್ಸರ್ ತಳದಲ್ಲಿ ಕೂತಿದ್ದರೆ ಮಾತ್ರ ಈ ಪರೀಕ್ಷೆ ನಂಬಬೇಡಿ, ತಳದಲ್ಲಿ ನಾಲ್ಕು ಡಿಗ್ರಿಯ ಭಾರದ ನೀರು ನಿಂತಿರುತ್ತದೆ.

ನಕಲಿ ಚಿಪ್ಪುಗಳ ಕಾಟವೂ ಇದೆ. ಪೇಟೆಯಲ್ಲಿ ಸಿಗುವ ಅಗ್ಗದ ಕಡ್ಡಿಗಳಲ್ಲಿ ಬಹಳಷ್ಟರೊಳಗೆ ಇರುವುದು ಅಸಲಿ ಡಿಎಸ್18ಬಿ20 ಅಲ್ಲ, ಅದರ ತದ್ರೂಪುಗಳು. ಹವ್ಯಾಸಿಗಳು ರಾಶಿಗಟ್ಟಲೆ ಚಿಪ್ ತಂದು ಬಿಚ್ಚಿ ನೋಡಿ ಕಂಡುಕೊಂಡ ಒಂದು ಗುರುತು ಹೀಗಿದೆ: ಅಸಲಿಯ ಎಂಟು ಬೈಟುಗಳ ವಿಳಾಸ ಹೆಕ್ಸ್ ಲೆಕ್ಕದಲ್ಲಿ 28ರಿಂದ ಶುರುವಾಗಿ, ಕೊನೆಯ ಬೈಟಿಗೆ ಮುಂಚಿನ ಎರಡು ಬೈಟುಗಳು ಸೊನ್ನೆಯಾಗಿರುತ್ತವೆ. ಹಾಗಿಲ್ಲದಿದ್ದರೆ ನಕಲಿ. ಎಲ್ಲ ನಕಲಿಗಳೂ ಕೆಲಸಕ್ಕೆ ಬಾರದವಲ್ಲ. ಮೀನಿನ ತೊಟ್ಟಿಗೆ ಬೇಕಾದಷ್ಟು ನಿಖರವಾಗಿರುವವೂ ಇವೆ. ಐಸಿನ ಪರೀಕ್ಷೆಯಲ್ಲಿ ಪಾಸಾದರೆ ಜಾತಿ ಕೇಳಬೇಕಿಲ್ಲ.

ಈಗ ನೀರಿನ ವಿಷಯ. ನೀರು ಒಳಹೋಗದಂತೆ ಕಾಯುವುದು ಸ್ಟೀಲ್ ಕೊಳವೆಯಲ್ಲ. ಕೊಳವೆ ಎಂದೂ ಸೋರುವುದಿಲ್ಲ, ಸೋರುವುದು ಕೊಳವೆಗೂ ಕೇಬಲಿಗೂ ನಡುವಿನ ಸಂದು. ಬಿಸಿಯಾದಾಗ ಒಳಗಿನ ಚೂರುಪಾರು ಗಾಳಿ ಹಿಗ್ಗಿ ಹೊರಗೆ ಬರುತ್ತದೆ; ತಣ್ಣಗಾದಾಗ ಕುಗ್ಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಸಂದು ನೀರಿನಲ್ಲಿ ಮುಳುಗಿದ್ದರೆ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಹಂಡೆಯಲ್ಲಿ ದಿನಕ್ಕೆ ಹತ್ತು ಸಲ ಈ ಉಸಿರಾಟ ನಡೆಯುತ್ತದೆ. ಹೀಗಾಗಿ ಕೆರೆಯಲ್ಲಿ ವರ್ಷಗಟ್ಟಲೆ ಬಾಳುವ ಸೆನ್ಸರ್ ಅಡಿಕೆ ಸುಗ್ಗಿ ಮುಗಿಯುವ ಮುನ್ನವೇ ಸಾಯಬಹುದು. ಕೇಬಲಿನ ಹೊದಿಕೆಯೂ ಇನ್ನೊಂದು ಕುತ್ತು. ಚಿಪ್ಪು 125 ಡಿಗ್ರಿ ತಡೆಯುತ್ತದೆ ಎಂದು ಬರೆದಿದ್ದರೂ ಅದಕ್ಕೆ ಜೋಡಿಸಿದ ಸಾಧಾರಣ ಪಿವಿಸಿ ಕೇಬಲ್ 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತ ಹೋಗುತ್ತದೆ. ಹಂಡೆಗೆ ಇಳಿಸುವುದಾದರೆ ಸಿಲಿಕೋನ್ ಇಲ್ಲವೇ ಟೆಫ್ಲಾನ್ ಹೊದಿಕೆಯ ಕೇಬಲ್ ಇರುವ ಕಡ್ಡಿಯನ್ನೇ ಕೊಳ್ಳಿ. ಇನ್ನೂ ಒಳ್ಳೆಯ ಉಪಾಯವೆಂದರೆ ಒಂದು ತುದಿ ಮುಚ್ಚಿದ ಉದ್ದನೆಯ ಸ್ಟೀಲ್ ಪೈಪನ್ನು ಹಂಡೆಯ ಅಂಚಿಗೆ ಸಿಕ್ಕಿಸಿ, ಅದರ ತಳಕ್ಕೆ ಚೂರು ಅಡುಗೆ ಎಣ್ಣೆ ಹಾಕಿ, ಸೆನ್ಸರನ್ನು ಅದರೊಳಗೆ ಇಳಿಬಿಡುವುದು. ಸೆನ್ಸರಿಗೆ ಚೊಗರೂ ಸೋಕುವುದಿಲ್ಲ, ಸಂದು ನೀರಿನಿಂದ ದೂರವೇ ಉಳಿಯುತ್ತದೆ. ಅಂಕಿ ಬರುವುದು ತುಸು ನಿಧಾನವಾಗುತ್ತದೆ ಅಷ್ಟೆ, ಹಂಡೆಗೆ ಅವಸರವೇನಿಲ್ಲ.

ಇಷ್ಟೆಲ್ಲ ಮಾಡಿ ಹಂಡೆಯ ಬಿಸಿ ಅಳೆದು ಸಾಧಿಸುವುದೇನು? ಅಡಿಕೆ ಬೆಂದಿದೆಯೇ ಎಂದು ಸೆನ್ಸರ್ ಹೇಳುತ್ತದೆಂದು ನಂಬಿದವರಿಗೆ ನಿರಾಸೆ ಖಂಡಿತ. ನೀರು ಕುದಿಯುವವರೆಗೆ ಬಿಸಿ ಏರುತ್ತದೆ, ಕುದಿದ ಮೇಲೆ ಅಲ್ಲಿಗೇ ನಿಲ್ಲುತ್ತದೆ. ಅರೆಬೆಂದ ಅಡಿಕೆಯ ಹಂಡೆಯಲ್ಲೂ 98, ಬೆಂದು ಮೆತ್ತಗಾದ ಹಂಡೆಯಲ್ಲೂ 98. ಹದ ತಿಳಿಯುವ ವಿದ್ಯೆ ಈಗಲೂ ಅಡಿಕೆ ಬೇಯಿಸಿ ಪಳಗಿದವರ ಕಣ್ಣು ಕೈಗಳಲ್ಲೇ ಇದೆ. ಸೆನ್ಸರಿನ ನಿಜವಾದ ಉಪಯೋಗ ಅಂಕಿಯಲ್ಲಿಲ್ಲ, ಗೆರೆಯಲ್ಲಿದೆ. ನಿಮಿಷಕ್ಕೊಂದರಂತೆ ಅಳತೆ ಬರೆದಿಟ್ಟು ಗ್ರಾಫ್ ಹಾಕಿ. ಹಸಿ ಅಡಿಕೆ ಸುರಿದ ಕೂಡಲೇ ಗೆರೆ ಕೆಳಗೆ ಬೀಳುತ್ತದೆ. ಮತ್ತೆ ಮೇಲೇರಿ ಚಪ್ಪಟೆಯಾಗಲು ಹಿಡಿದ ಹೊತ್ತು ನಿಮ್ಮ ಒಲೆಯ ತಾಕತ್ತು. ಚಪ್ಪಟೆ ಭಾಗದ ಉದ್ದ ಅಡಿಕೆ ನಿಜವಾಗಿ ಕುದಿದ ಹೊತ್ತು. ಗಡಿಯಾರ ನೋಡಿ 'ಇಷ್ಟು ಗಂಟೆ ಬೇಯಿಸಿದೆವು' ಎನ್ನುವಾಗ ಈ ಎರಡೂ ಸೇರಿಹೋಗಿರುತ್ತವೆ. ಒದ್ದೆ ಸೌದೆಯ ದಿನ, ಮಳೆಗಾಳಿಯ ದಿನ ಅವೆರಡು ಬೇರೆಬೇರೆಯಾಗಿ ಕಾಣುವುದೇ ಈ ಗ್ರಾಫಿನ ಬೆಲೆ.

ಚಪ್ಪಟೆ ಗೆರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಬಿಂದುವಿನವರೆಗೆ ತರಲು ಸುಮಾರು 305 ಕಿಲೊಜೂಲ್ ಶಾಖ ಸಾಕು. ಅದೇ ಲೀಟರನ್ನು ಪೂರ್ತಿ ಆವಿ ಮಾಡಲು ಬೇಕಾಗುವುದು 2,260 ಕಿಲೊಜೂಲ್, ಏಳು ಪಟ್ಟಿಗೂ ಹೆಚ್ಚು. ಕುದಿ ಹತ್ತಿದ ಮೇಲೆ ಒಲೆಗೆ ಹಾಕುವ ಹೆಚ್ಚುವರಿ ಸೌದೆಯೆಲ್ಲ ಅಡಿಕೆಯನ್ನು ಬೇಯಿಸುವುದಿಲ್ಲ, ಹಬೆಯಾಗಿ ಮಾಡಿಗೆ ಹತ್ತುತ್ತದೆ. ಸಣ್ಣ ಕುದಿಯಲ್ಲೂ ದೊಡ್ಡ ಕುದಿಯಲ್ಲೂ ನೀರಿನ ಬಿಸಿ ಒಂದೇ. ಗೆರೆ ಚಪ್ಪಟೆಯಾಯಿತೆಂದರೆ ಬೆಂಕಿ ತಗ್ಗಿಸಿ, ಹಂಡೆಗೊಂದು ಮುಚ್ಚಳ ಹಾಕಿ. ಸುಗ್ಗಿ ಪೂರ್ತಿ ಉಳಿಯುವ ಸೌದೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ. ಹಲವರ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು ಒಂದೇ ಸುಗ್ಗಿಯಲ್ಲಿ ಬೇಯಿಸುವ ಹಂಡೆಗಳ ಸಂಖ್ಯೆ ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸೆನ್ಸರ್ ಹಂಡೆಯ ಬಿಸಿಯನ್ನು ಅಳೆಯುವುದಿಲ್ಲ, ಕೆರೆಯ ಬಿಸಿಯನ್ನೂ ಅಳೆಯುವುದಿಲ್ಲ. ಅದು ಅಳೆಯುವುದು ತನ್ನ ಮೈಯ ಬಿಸಿಯನ್ನು ಮಾತ್ರ. ಸುತ್ತಲಿನ ವಸ್ತು ಅದರ ಮೈಯನ್ನು ತನ್ನಷ್ಟೇ ಬಿಸಿ ಮಾಡಿದೆ ಎಂಬುದು ನಮ್ಮ ನಂಬಿಕೆ, ಅದನ್ನು ನಿಜ ಮಾಡುವುದು ಸೆನ್ಸರ್ ಇಟ್ಟವರ ಹೊಣೆ. ಕಡ್ಡಿಯ ತುದಿ ಹಂಡೆಯ ತಳಕ್ಕೆ ತಾಗಿದ್ದರೆ ಅದು ಬೆಂಕಿ ತಾಗಿದ ಲೋಹದ ಬಿಸಿ ಹೇಳುತ್ತದೆ. ಅರ್ಧ ಮಾತ್ರ ಮುಳುಗಿದ್ದರೆ ಉಳಿದರ್ಧದ ಮೂಲಕ ಶಾಖ ಸೋರಿ ಕಡಿಮೆ ತೋರಿಸುತ್ತದೆ.

ಈ ಸೆನ್ಸರಿಗೆ ಹಂಡೆಯ ಆಚೆಗೂ ಕೆಲಸವಿದೆ. ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆಗಿಂತ ಹೆಚ್ಚು ಕಾಣುವುದು ಮೆಕ್ಕೆಜೋಳ. ದಾವಣಗೆರೆ ಸುತ್ತಲಿನ ಈ ಸೀಮೆ ಮೆಕ್ಕೆಜೋಳದ ಕಣಜ. ಕಟಾವಿನ ಹೊತ್ತಿಗೆ ಮಳೆ ಹಿಡಿದುಕೊಂಡ ವರ್ಷ ಕಾಳು ಸರಿಯಾಗಿ ಒಣಗಿರುವುದಿಲ್ಲ, ದರ ಏರಲೆಂದು ಕಾದು ರಾಶಿ ಹಾಕಿ ಟಾರ್ಪಾಲು ಮುಚ್ಚಿರುತ್ತಾರೆ. ಒದ್ದೆ ಕಾಳು ಸುಮ್ಮನೆ ಕೂರುವುದಿಲ್ಲ. ಕಾಳೂ, ಅದರ ಮೇಲಿನ ಬೂಸ್ಟೂ, ಹುಳುವೂ ಉಸಿರಾಡುತ್ತವೆ. ಉಸಿರಾಟವೆಂದರೆ ಸಕ್ಕರೆಯನ್ನು ಮೆಲ್ಲಗೆ ಉರಿಸುವುದು. ಒಂದು ಗ್ರಾಂ ಗ್ಲೂಕೋಸ್ ಹೀಗೆ ಉರಿದರೆ ಸುಮಾರು 15.6 ಕಿಲೊಜೂಲ್ ಶಾಖ ಹೊರಬರುತ್ತದೆ, ಜೊತೆಗೆ 0.6 ಗ್ರಾಂ ನೀರು. ನೀರು ಕಾಳನ್ನು ಇನ್ನಷ್ಟು ಒದ್ದೆ ಮಾಡುತ್ತದೆ, ಶಾಖ ಬೂಸ್ಟಿಗೆ ಹಿತವಾಗುತ್ತದೆ, ಬೂಸ್ಟು ಇನ್ನೂ ಹೆಚ್ಚು ಉಸಿರಾಡುತ್ತದೆ. ರಾಶಿಯ ಒಡಲಲ್ಲಿ ಒಂದು ಬಿಸಿ ಗಂಟು ಹುಟ್ಟುತ್ತದೆ. ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು ಇಂಥ ಬೆಚ್ಚನೆಯ ತೇವದಲ್ಲೇ.

ಹೊರಗಿನಿಂದ ಕೈಯಿಟ್ಟರೆ ಏನೂ ತಿಳಿಯುವುದಿಲ್ಲ. ಕಾಳುಗಳ ನಡುವೆ ಸಿಕ್ಕಿದ ಗಾಳಿಯಿಂದಾಗಿ ಮೆಕ್ಕೆಜೋಳದ ರಾಶಿ ಶಾಖವನ್ನು ಮರದ ಹಲಗೆಯಷ್ಟೇ ಜಿಪುಣತನದಿಂದ ಸಾಗಿಸುತ್ತದೆ. ಅರ್ಧ ಮೀಟರ್ ಆಳದಲ್ಲಿ ಹುಟ್ಟಿದ ಬಿಸಿ ಹೊರಮೈಗೆ ಮುಟ್ಟಲು ವಾರಗಳೇ ಬೇಕು. ಅಷ್ಟು ಹೊತ್ತಿಗೆ ಒಳಗೆ ಕಾಳು ಕಪ್ಪಾಗಿ ಗಂಟುಕಟ್ಟಿರುತ್ತದೆ. ದೊಡ್ಡ ಸೈಲೊಗಳಲ್ಲಿ ಛಾವಣಿಯಿಂದ ಸೆನ್ಸರುಗಳ ಸರವನ್ನೇ ಇಳಿಬಿಟ್ಟಿರುವುದು ಇದಕ್ಕಾಗಿ. ಹವ್ಯಾಸಿ ಅದನ್ನು ಮನೆಯಲ್ಲೇ ಮಾಡಬಹುದು. ಒಂದು ಬಿದಿರಿನ ಗಳ, ಅದಕ್ಕೆ ಅರ್ಧರ್ಧ ಮೀಟರಿಗೆ ಒಂದರಂತೆ ಕಟ್ಟಿದ ಸೆನ್ಸರುಗಳು, ಎಲ್ಲಕ್ಕೂ ಒಂದೇ ಹಳದಿ ವೈರ್. ಯಾವ ವಿಳಾಸದ ಸೆನ್ಸರ್ ಎಷ್ಟನೇ ಆಳದಲ್ಲಿದೆ ಎಂದು ಕಟ್ಟುವ ಮುನ್ನವೇ ಬರೆದಿಟ್ಟುಕೊಳ್ಳಿ; ಕಟ್ಟಿದ ಮೇಲೆ ಗುರುತು ಹಿಡಿಯಲು ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿ ನೋಡುತ್ತ ಕೂರಬೇಕಾಗುತ್ತದೆ. ಸೆನ್ಸರುಗಳು ಒಂದು ಬೆನ್ನೆಲುಬಿಗೆ ಸಾಲಾಗಿ ಅಂಟಿರಲಿ, ನಕ್ಷತ್ರದಂತೆ ದಿಕ್ಕುದಿಕ್ಕಿಗೆ ಕವಲೊಡೆದರೆ ಸಂಕೇತ ಪ್ರತಿ ಕವಲಿನ ತುದಿಗೆ ಬಡಿದು ವಾಪಸ್ಸಾಗಿ ಮಾತು ಕೆಡಿಸುತ್ತದೆ. ಕೇಬಲ್ ಹತ್ತಾರು ಮೀಟರ್ ದಾಟಿದರೆ 4.7ರ ಬದಲು 2.2 ಕಿಲೊಓಮ್ ರೆಸಿಸ್ಟರ್ ಹಾಕಿ ನೋಡಿ. ಇಲ್ಲಿಯೂ ಒಂದು ದಿನದ ಅಂಕಿ ಮುಖ್ಯವಲ್ಲ. ಹೊರಗಿನ ಗಾಳಿ ತಣ್ಣಗಾಗುತ್ತಿದ್ದರೂ ರಾಶಿಯ ಒಂದು ಸೆನ್ಸರ್ ಮಾತ್ರ ದಿನಕ್ಕೆ ಅರ್ಧ ಡಿಗ್ರಿಯಂತೆ ಏರುತ್ತಿದ್ದರೆ ಟಾರ್ಪಾಲು ತೆಗೆದು ರಾಶಿ ಹರಡುವ ಕಾಲ ಬಂದಿದೆ ಎಂದರ್ಥ. ಈ ಊರುಗಳಿಗೆ ಹೇಳಿಮಾಡಿಸಿದ ಹವ್ಯಾಸಿ ಪ್ರಾಜೆಕ್ಟ್ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಂಡೆಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಅದೇ ಸೆನ್ಸರ್ ಸರವನ್ನು ಹಗ್ಗಕ್ಕೆ ಕಟ್ಟಿ, ತುದಿಗೆ ಕಲ್ಲು ಬಿಗಿದು ಕೃಷಿ ಹೊಂಡಕ್ಕೆ ಇಳಿಬಿಟ್ಟರೆ ಇನ್ನೊಂದು ಲೋಕ ತೆರೆಯುತ್ತದೆ. ಮಳೆ ಕಡಿಮೆಯ ಜಗಳೂರಿನಲ್ಲಿ ಹೊಂಡದ ನೀರಿಗೆ ಬೆಲೆ ಹೆಚ್ಚು, ಅದರಲ್ಲಿ ಮೀನು ಬಿಡುವವರೂ ಇದ್ದಾರೆ. ಬಿಸಿಲಿನ ದಿನ ಮಧ್ಯಾಹ್ನ ಮೇಲಿನ ನೀರು ಕಾದು ಹಗುರಾಗುತ್ತದೆ. 20 ಡಿಗ್ರಿಯ ಒಂದು ಘನಮೀಟರ್ ನೀರಿಗಿಂತ 30 ಡಿಗ್ರಿಯದು ಎರಡೂವರೆ ಕಿಲೊ ಹಗುರ. ಸಾವಿರ ಕಿಲೊದಲ್ಲಿ ಎರಡೂವರೆ ಏನು ಮಹಾ ಎನಿಸಬಹುದು, ಆದರೆ ಗಾಳಿ ಬೀಸದ ಹೊಂಡದಲ್ಲಿ ಮೇಲಿನ ಪದರ ಕೆಳಗಿನದರ ಜೊತೆ ಬೆರೆಯದಂತೆ ತಡೆಯಲು ಅಷ್ಟು ಸಾಕು. ತಳದ ನೀರಿಗೆ ಹೊಸ ಆಮ್ಲಜನಕ ಸಿಗುವುದಿಲ್ಲ, ಅಲ್ಲಿ ಕೊಳೆಯುವ ಎಲೆ, ಹಿಕ್ಕೆಗಳು ಇದ್ದದ್ದನ್ನೂ ಮುಗಿಸುತ್ತವೆ. ಸಂಜೆ ತಣ್ಣನೆಯ ಮಳೆ ರಪರಪ ಬಿದ್ದಾಗ ಮೇಲಿನ ಪದರ ತಣಿದು ಕೆಳಗಿಳಿಯುತ್ತದೆ, ತಳದ ಉಸಿರುಗಟ್ಟಿದ ನೀರು ಮೇಲೆ ಬರುತ್ತದೆ. ಮರುದಿನ ಬೆಳಗ್ಗೆ ಮೀನು ಬಾಯಿ ಬಿಟ್ಟು ತೇಲುತ್ತವೆ, ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳ. ಮೇಲಿನ ಮತ್ತು ತಳದ ಸೆನ್ಸರುಗಳ ನಡುವಿನ ಅಂತರ ಹಲವು ದಿನ ರಾತ್ರಿಯೂ ಮುಚ್ಚದೆ ಉಳಿದಿದ್ದರೆ ಹೊಂಡ ಪದರಗಟ್ಟಿದೆ ಎಂದು ಮೊದಲೇ ತಿಳಿಯುತ್ತದೆ. ಪಂಪ್ ಹಾಕಿ ನೀರು ಚಿಮ್ಮಿಸಿದರೆ ಮೀನು ಉಳಿಯುತ್ತವೆ. ಸೂಳೆಕೆರೆಯಂಥ ಮಹಾಕೆರೆಯಲ್ಲಿ, ಚಿತ್ರದುರ್ಗದವರೆಗೂ ಕುಡಿಯುವ ನೀರು ಹೋಗುವ ಆ ಶಾಂತಿಸಾಗರದಲ್ಲಿ, ಗಾಳಿಗೆ ಓಡಾಡಲು ಬೇಕಾದಷ್ಟು ಬಯಲಿದೆ. ಅಲ್ಲಿನ ಕಥೆ ಬೇರೆ. ಅಲ್ಲಿ ಅಳೆಯುವ ಆಸೆಯಿದ್ದರೆ ಕಾಲೇಜಿನ ಮೂಲಕ ಅನುಮತಿ ಪಡೆದೇ ಹೋಗಬೇಕು.

ಗಾಳಿಯ ಬಿಸಿ ಅಳೆಯುವುದು ಸುಲಭವೆಂದು ಕಾಣುತ್ತದೆ, ಎಲ್ಲಕ್ಕಿಂತ ಕಷ್ಟ ಅದೇ. ಬಿಸಿಲಿಗೆ ಇಟ್ಟ ಕಡ್ಡಿ ಸೂರ್ಯನಿಂದ ನೇರವಾಗಿ ಶಾಖ ಹೀರುತ್ತದೆ, ನಿಂತ ಗಾಳಿಗೆ ಅದನ್ನು ಒಯ್ಯುವ ಶಕ್ತಿ ಇಲ್ಲ. ಏಪ್ರಿಲಿನಲ್ಲಿ 'ನಮ್ಮೂರಲ್ಲಿ 48 ಡಿಗ್ರಿ' ಎಂದು ಓಡಾಡುವ ಫೋಟೊಗಳಲ್ಲಿ ಬಹುಪಾಲು ಇಂಥವು. ಈ ತೊಂದರೆಗೆ ಉತ್ತರ ಕಂಡುಹಿಡಿದು ಒಂದೂವರೆ ಶತಮಾನವಾಯಿತು: 1860ರ ದಶಕದಲ್ಲಿ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ, ಗಾಳಿ ಆಡುವ ಪಟ್ಟಿಗಳಿರುವ ಬಿಳಿ ಪೆಟ್ಟಿಗೆ. ಸಾಹಸ ಕಾದಂಬರಿಗಳ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇವರ ಮಗ. ಹವಾಮಾನ ಇಲಾಖೆ ಇಂದಿಗೂ ಥರ್ಮಾಮೀಟರನ್ನು ಅಂಥ ಪೆಟ್ಟಿಗೆಯಲ್ಲಿ ನೆಲದಿಂದ ನಾಲ್ಕಡಿ ಎತ್ತರದಲ್ಲಿ ಇಡುತ್ತದೆ. ಆರೇಳು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಬೆರಳಗಲ ಸಂದು ಬಿಟ್ಟು ಉದ್ದ ಬೋಲ್ಟಿನಿಂದ ಪೋಣಿಸಿದರೆ ನಿಮ್ಮದೂ ಆದೀತು. ಅಳತೆಯೂ ನಿಮಿಷಕ್ಕೊಂದು ಸಾಕು. ಬಿಡುವಿಲ್ಲದೆ ಅಳೆಯುತ್ತಿದ್ದರೆ ಚಿಪ್ಪು ತನ್ನದೇ ಕರೆಂಟಿನಿಂದ ಬಿಸಿಯಾಗಿ, ನಿಂತ ಗಾಳಿಯಲ್ಲಿ ತನ್ನ ಜ್ವರವನ್ನೇ ಊರಿನ ಬಿಸಿಯೆಂದು ಹೇಳುತ್ತದೆ.

ಕೊನೆಗೆ ಕರೆಂಟಿನ ವಿಷಯ. ಈ ಸೆನ್ಸರ್ ಸ್ವತಃ ಯಾರಿಗೂ ಶಾಕ್ ಕೊಡಲಾರದು, ಐದು ವೋಲ್ಟಿಗೆ ಆ ಶಕ್ತಿ ಇಲ್ಲ. ಅಪಾಯ ಇರುವುದು ಆ ಐದು ವೋಲ್ಟ್ ಎಲ್ಲಿಂದ ಬಂತು ಎಂಬುದರಲ್ಲಿ. ಅಗ್ಗದ ಮೊಬೈಲ್ ಚಾರ್ಜರುಗಳಲ್ಲಿ 230 ವೋಲ್ಟಿನ ಕಡೆಗೂ ಐದು ವೋಲ್ಟಿನ ಕಡೆಗೂ ನಡುವೆ ಇರಬೇಕಾದ ಅಂತರವನ್ನೇ ಉಳಿತಾಯ ಮಾಡಿರುತ್ತಾರೆ. ಅದು ಒಳಗೆ ಕೆಟ್ಟ ದಿನ, ಒದ್ದೆ ಕೈಯಲ್ಲಿ ಹಿಡಿದ ಸ್ಟೀಲ್ ಕಡ್ಡಿ ನೇರವಾಗಿ ಮೇನ್ಸಿಗೆ ಸೇರಿರುತ್ತದೆ. ಹಂಡೆ, ಹೊಂಡ, ತೊಟ್ಟಿ, ಪಂಪ್ ಮನೆ, ನೀರಿರುವ ಯಾವ ಜಾಗದಲ್ಲೇ ಆಗಲಿ, ಬೋರ್ಡನ್ನು ಪವರ್ ಬ್ಯಾಂಕಿನಿಂದಲೋ ಬ್ಯಾಟರಿಯಿಂದಲೋ ಮಾತ್ರ ನಡೆಸಿ. ಹಂಡೆಗೆ ಸೆನ್ಸರ್ ಇಳಿಸುವುದು ಒಲೆ ಹೊತ್ತಿಸುವ ಮುನ್ನ, ತೆಗೆಯುವುದು ನೀರು ತಣಿದ ಮೇಲೆ. ಶಾಲೆಯ ಮಕ್ಕಳು ಮಾಡುವುದಿದ್ದರೆ ಹಂಡೆಯ ಬಳಿ ಹಿರಿಯರೊಬ್ಬರು ನಿಂತೇ ಇರಲಿ.